‘ಊರವರು’ ಎಂದರೆ ಯಾರು

ಕ್ರಿ.ಶ. ೨೪೧೭, ವೈಶಾಖ ಮೂವತ್ತೆಂಟು.

ನಾನೂರು ವರ್ಷ ಹಿಂದಿನ ಸಂಡೂರು ಸೀಮೆಯ ಹಿರಿಯರಿಗೆ ಗಂಗಾಳವ್ವನ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡಿ. ಬೇಸಿಗೆ ಬೆಳೆದಂತೆ ನಾವು ವೈಶಾಖವನ್ನೂ ಬೆಳೆಸಿಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ.

ನೀವು ಅದಿರು ತೆಗೆದು ಬಿಟ್ಟ ಗುಂಡಿಗಳಲ್ಲಿ ಈಗ ಮಳೆನೀರು ನಿಲ್ಲುತ್ತದೆ. ಅವನ್ನು ಗಣಿಗೆರೆ ಎನ್ನುತ್ತೇವೆ. ನಮ್ಮ ಗಣಿಗೆರೆಯ ಬಾಗಿಲಲ್ಲಿ ಒಂದು ಕಲ್ಲಿದೆ: ‘ಈ ನೀರು ಊರವರಿಗೆ ಮಾತ್ರ.’ ಇನ್ನು ಕೆಲವು ವರ್ಷಗಳಲ್ಲಿ ಅದನ್ನು ಕೆತ್ತುವವರು ನೀವೇ.

ಕಳೆದ ಬೇಸಿಗೆಯಲ್ಲಿ ಕಡಲೊಕ್ಕಲು ಬಂದರು. ಸಮುದ್ರ ಮನೆ ನುಂಗಿದ ಮೇಲೆ ಘಟ್ಟ ಹತ್ತಿ ಬಂದವರಿಗೆ ಇಲ್ಲಿ ಆ ಹೆಸರು. ಬಾಗಿಲು ಕಾಯುವ ಗಾದಿಲಿಂಗಪ್ಪ ಅವರನ್ನು ತಡೆದ. “ಕಲ್ಲಾಗ ಬರ್ದೈತಿ. ನಾನೇನು ಮಾಡ್ಲಿ?” ಎಂದ. ನಮ್ಮವರಲ್ಲೇ ಕೆಲವರು ಕಲ್ಲು ಒಡೆಯಲು ಹಾರೆ ತಂದರು.

ಮಕ್ಕಳಿಗೆ ಹಳೆಯ ಇಂಗ್ಲಿಷ್ ಕಲಿಸುವ ಹುಲಿಗೆಮ್ಮ ಅಡ್ಡ ನಿಂತಳು. “ಒಡೀಬ್ಯಾಡ್ರಿ. ಇಂಗ್ಲಿಷಿನಾಗ ರೀಇಂಟರ್‌ಪ್ರೆಟ್ ಅಂತ ಒಂದು ಕ್ರಿಯಾಪದ ಐತಿ. ಬರ್ದಿದ್ದು ಹಂಗೇ ಇರ್ತೈತಿ, ಅದರ ಅರ್ಥ ಮಾತ್ರ ಹೊಸದಾಗಿ ಹುಡುಕೋದು.”

“ನಿಂಗ ಬೇಕಾದಂಗ ಓದಿದ್ರ ಅದು ತಿರುಚೋದಲ್ಲೇನು?” ಗಾದಿಲಿಂಗಪ್ಪ ಕೇಳಿದ. ನನಗೂ ಅದು ನ್ಯಾಯವಾದ ಪ್ರಶ್ನೆಯೆನಿಸಿತು.

“ಹೌದು, ಬೇಕಾದಂಗ ಓದಿದ್ರ ತಿರುಚಿದಂಗ. ಅದಕ್ಕ ಕೇಳ್ತೀನಿ, ಹಿರೇರು ಯಾರಿಗೆ ಹೆದರಿ ಇದನ್ನ ಬರ್ದ್ರು?”

ಗಾದಿಲಿಂಗಪ್ಪ ಕಲ್ಲಿನ ಮೇಲೆ ಕೈಯಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ, “ನಮ್ಮ ಮನ್ಯಾಗ ಒಂದು ಮಾತೈತಿ. ನಮ್ಮ ಮೂಲದಜ್ಜಿ ಟ್ಯಾಂಕರಿಗೆ ಅಡ್ಡ ಮಲಗಿದ್ಲಂತ. ಆ ಟ್ಯಾಂಕರಿನವರು ಇಲ್ಲಿನ ನೀರು ಒಯ್ದು ದೂರದಾಗ ಮಾರ್ತಿದ್ರಂತ” ಎಂದ.

ಆಮೇಲೆ ಅವನು ಕಡಲೊಕ್ಕಲಿನ ಮುಂದಾಳಾದ ಜಲಜಾಕ್ಷಿಯತ್ತ ತಿರುಗಿದ. “ನೀವು ನೀರು ಒಯ್ದು ಮಾರ್ತೀರೇನವ್ವ?”

“ಮಾರ್ಲಿಕ್ಕೆ ಅಲ್ಲ ಅಣ್ಣಾ, ಕುಡೀಲಿಕ್ಕೆ. ಇನ್ನು ನಾವು ಹೋಗುವುದಾದ್ರೂ ಎಲ್ಲಿಗೆ? ಇಲ್ಲೇ ಇರ್ತೇವೆ.”

“ಇಲ್ಲೇ ಇರೋರು ಊರವರು,” ಎಂದು ಅವನೇ ಅಗುಳಿ ತೆಗೆದ.

ಎಲ್ಲವೂ ಸುಖವಾಯಿತೆಂದು ಹೇಳಲಾರೆ. ನೀರನ್ನು ಅರ್ಧರ್ಧ ಹಂಚಿಕೊಂಡೆವು. ನನ್ನ ಬದನೆ ಮಡಿಗಳು ಒಣಗಿದವು. ಎರಡು ದಿನ ಹುಲಿಗೆಮ್ಮನೊಡನೆ ಮಾತು ಬಿಟ್ಟಿದ್ದೆ. ಆದರೆ ಬಾಗಿಲ ಬಳಿ ಯಾರೂ ಬಾಯಾರಿ ಸಾಯಲಿಲ್ಲ.

ನನ್ನದೊಂದು ಕೋರಿಕೆ. ನಿಯಮ ಕೆತ್ತುವಾಗ ಅದರ ಕಾರಣವನ್ನೂ ಜೊತೆಗೆ ಕೆತ್ತಿ. ನಮಗೆ ಹೇಗೋ ಒಬ್ಬ ಅಜ್ಜಿಯ ನೆನಪು ದಕ್ಕಿತು. ಎಲ್ಲ ಊರಿಗೂ ದಕ್ಕಲಿಕ್ಕಿಲ್ಲ.