ಹುಕ್ಕೇರಿ ಮನೆಯ ರೋಗ

ಅಕ್ಕಾ,

ನೀನಿದ್ದಿದ್ದರೆ ಈ ಸುದ್ದಿಯನ್ನು ನಿನಗೇ ಮೊದಲು ಹೇಳುತ್ತಿದ್ದೆ. ಈಗ ಬರೆದಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಆ ಮಧ್ಯಾಹ್ನ ನೆನಪಿದೆಯಾ? ಗೋಕಾಕ ಫಾಲ್ಸಿನ ನಿನ್ನ ಮನೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆವು. ಎದೆಯ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತದೆ, ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ತೋರಿಸಿಕೊಳ್ಳಿ ಎಂದು ಟಿ.ವಿ.ಯಲ್ಲಿ ಒಬ್ಬ ಡಾಕ್ಟರಮ್ಮ ಹೇಳುತ್ತಿದ್ದರು. ಬಾಜೂ ಮನೆಯ ಶಾಂತಕ್ಕ ತನ್ನ ಮನೆಯವರನ್ನೆಲ್ಲ ಬೆರಳು ಮಡಚಿ ಎಣಿಸಿ, ಯಾರಿಗೂ ಇಲ್ಲವೆಂದು ಖಾತ್ರಿಯಾದ ಮೇಲೆ, ಗೆದ್ದವಳ ಹಾಗೆ ಚಹಾ ಕೇಳಿದಳು. ನಮ್ಮ ಸೋದರತ್ತೆ ಅದರಲ್ಲೇ ಹೋದಳಲ್ಲ ಎಂದೆ ನಾನು. ನೀನು ನಕ್ಕುಬಿಟ್ಟೆ.

"ಅತ್ತೀನ್ನ ಹುಕ್ಕೇರಿಗೆ ಕೊಟ್ಟಿದ್ರು. ಆಕಿ ಆ ಮನಿತನದಾಕಿ. ಆ ರೋಗ ಹುಕ್ಕೇರಿ ಮನೀದು, ನಮ್ಮದಲ್ಲ ಬಿಡು."

ನನಗೂ ಸರಿ ಅನಿಸಿತು. ಆಮೇಲೆ ಕೇಳಿದಾಗ ಅಪ್ಪನೂ ಹೌದೆಂದ. ಮದುವೆಯಾದ ಮೇಲೆ ಹೆಣ್ಣಿನ ಅಡ್ಡಹೆಸರು, ಮನೆದೇವರು ಎಲ್ಲ ಗಂಡನ ಕಡೆಯದೇ ಆಗುವಾಗ ರೋಗ ಮಾತ್ರ ತವರಿನಲ್ಲಿ ಉಳಿಯುತ್ತದೆಂದು ಯಾರಿಗೆ ಹೊಳೆಯಬೇಕು?

ಎದೆಯ ಗಂಟು ಕೈಗೆ ಸಿಕ್ಕಾಗಲೂ ನೀನು ಎಣ್ಣೆ ಹಚ್ಚಿಕೊಂಡು ತಿಂಗಳುಗಟ್ಟಲೆ ಕಳೆದೆ. ಬೆಳಗಾವಿಯ ಡಾಕ್ಟರು ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದಾಗ, ಇಲ್ಲ ಅಂದೆ. ಸುಳ್ಳಲ್ಲ, ನಿನ್ನ ಲೆಕ್ಕದಲ್ಲಿ ಅದು ಖರೆಯೇ.

ನೀನು ಹೋದ ಮೇಲೆ ಅದೇ ಡಾಕ್ಟರಿಗೆ ಅತ್ತೆಯ ವಿಷಯ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಲಗ್ನ ಆದ್ರ ರಕ್ತ ಬದಲಾಗ್ತೈತೇನ್ರಿ? ಆಕಿ ನಿಮ್ಮಪ್ಪನ ತಂಗಿ ಅಲ್ಲೇನ್ರಿ?"

ಇಷ್ಟೇ ಮಾತು, ಅಕ್ಕಾ. ಇದನ್ನು ಆವತ್ತು ಆ ಟಿ.ವಿ.ಯವರು ಬಿಡಿಸಿ ಹೇಳಿದ್ದರೆ...

ಆ ರೋಗದ ಬೀಜ ನಮಗೂ ಇಳಿದಿದೆಯೇ ಎಂದು ನೋಡಲು ನಾನೂ ನಿನ್ನ ಮಗಳು ಸುಮಾಳೂ ಪರೀಕ್ಷೆಗೆ ರಕ್ತ ಕೊಟ್ಟು ಬಂದೆವು. ಪರೀಕ್ಷೆ ಬೇಡ, ಹೆಸರು ಕೆಟ್ಟರೆ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಶಾಂತಕ್ಕ ಬಹಳ ಬೇಡಿಕೊಂಡಳು. ಸುಮಾ ಕೇಳಲಿಲ್ಲ. ಅವಳ ಹಠ ನಿನ್ನದೇ.

ಗಂಡಸಿನಿಂದಲೂ ಇದು ಮಕ್ಕಳಿಗೆ ಇಳಿಯುತ್ತದೆ ಎಂದು ತಿಳಿದ ದಿನ ಅಪ್ಪ ಕಲ್ಲೋಳಿಯಿಂದ ಬಸ್ಸು ಹತ್ತಿ ಮೂಡಲಗಿಗೆ, ನಮ್ಮ ಮನೆಗೆ ಬಂದ. ನೀರೂ ಕುಡಿಯಲಿಲ್ಲ.

"ನನ್ನ ಕಡಿಂದ ಬಂತೇನವಾ ಆಕಿಗೆ?"

 ಅವನು ಅಳುವುದನ್ನು ನೋಡುತ್ತ ಕೂತೆ.

ಇನ್ನು ಸುದ್ದಿ. ಸುಮಾಗೆ ಇಲ್ಲ, ಅಕ್ಕಾ. ನಿನ್ನ ಮಗಳಿಗೆ ಅದು ಇಳಿದಿಲ್ಲ. ನನಗೆ ಇಳಿದಿದೆ. ಅಂಜಬೇಡ, ರೋಗ ಇನ್ನೂ ಬಂದಿಲ್ಲ. ಬಂದರೂ ಬೇಗ ಸಿಗಲಿ ಎಂದು ಡಾಕ್ಟರು ಕರೆದಾಗಲೆಲ್ಲ ತಪಾಸಣೆಗೆ ಹೋಗುತ್ತೇನೆ, ಒಂದನ್ನೂ ತಪ್ಪಿಸುವುದಿಲ್ಲ. ನಿನಗೂ ಇಷ್ಟೇ ಸಾಕಾಗುತ್ತಿತ್ತೇನೋ.

ನಿನ್ನ ತಂಗಿ