ಅರಿವೆಗೆ ಹತ್ತಿದ ಬಂಗಾರ

ಆಗಸ್ಟ್ 2, 2014. ಶನಿವಾರ, ಪ್ಲೇನೋ

ಎಂಟು ಪ್ಯಾಂಟಿನ ಅಂಚು ಹೊಲಿದೆ. ಒಂದು ಜಿಪ್ ಬದಲಾಯಿಸಿದೆ. ಹೊರಡುವ ಹೊತ್ತಿಗೆ ಹೊಲಿಗೆ ಅಂಗಡಿಯ ಒಡತಿ ಯೂನ್ ಆಂಟಿ ಬಾಗಿಲು ಅರ್ಧ ಮುಚ್ಚಿ, ಕರವಸ್ತ್ರ ಬಿಚ್ಚಿ ತೋರಿಸಿದರು. ಎರಡು ಬಾತುಕೋಳಿ, ನಡುವೆ ತಾವರೆ ಎಲೆ. ಹೆಬ್ಬೆರಳಿನಷ್ಟು. ಬೆಳ್ಳಿಯ ತೆಳು ತಗಡನ್ನು ಹಿಂದಿನಿಂದ ಬಡಿದು ಉಬ್ಬಿಸಿದ್ದಾರೆ, ಒಳಗೆ ಟೊಳ್ಳು. ಅಂಚಿನಲ್ಲಿ ನಾಲ್ಕು ತೂತು — ಉಡುಪಿಗೆ ಹೊಲಿದುಕೊಳ್ಳಲು. ಕೊರಿಯಾದ ಗೊರ್ಯೊ ರಾಜರ ಕಾಲದ್ದಂತೆ. ಎಂಟುನೂರು ವರ್ಷ! ಆಂಟಿಯ ಅಜ್ಜಿ ಯುದ್ಧದಲ್ಲಿ ಊರು ಬಿಡುವಾಗ ಬಟ್ಟೆಯ ಒಳಗೆ ಹೊಲಿದುಕೊಂಡು ತಂದದ್ದು.

ಹದಿಮೂರಕ್ಕೆ ಹ್ಯೂಸ್ಟನ್ನಿನ ಒಂದು ಮ್ಯೂಸಿಯಂನವರು ನೋಡುತ್ತಾರೆ. ಒಪ್ಪಿದರೆ ಗಾಜಿನೊಳಗೆ ಇಡುತ್ತಾರೆ, ಕೆಳಗೆ ಅಜ್ಜಿಯ ಹೆಸರು. ಆಂಟಿಗೆ ಬೇಕಾದದ್ದು ಆ ಹೆಸರೊಂದೇ. ಒಯ್ಯಲು ಹತ್ತಿಯ ಚೀಲ ಹೊಲಿ ಎಂದು ನನ್ನ ಕೈಗೇ ಕೊಟ್ಟು ಕಳಿಸಿದರು. ಪಕ್ಕದ ಸೀಟಿನಲ್ಲಿಟ್ಟು ಸೀಟ್ ಬೆಲ್ಟ್ ಹಾಕಿದೆ. ನನಗೇ ನಗು ಬಂತು.

ಆಗಸ್ಟ್ 4. ಶ್ರಾವಣ ಸೋಮವಾರ

ಪೂಜೆ ಮುಗಿಸಿ, ಲಿಂಗ ಇಡುವ ನಮ್ಮ ಬೆಳ್ಳಿ ಕರಡಿಗೆಗಳನ್ನು ಎಂದಿನಂತೆ ಒದ್ದೆ ವಿಭೂತಿ ಹಚ್ಚಿ ತಿಕ್ಕಿದೆ. ಪಕ್ಕದಲ್ಲೇ ಬಾತುಕೋಳಿಗಳು. ಕಂದಿ ಹೋಗಿದ್ದವು. ಪಾಪ, ಹೀಗೇ ಹೋಗುತ್ತವೆಯೇ ಮ್ಯೂಸಿಯಂಗೆ... ಬೇರೆಯವರ ಬೆಳ್ಳಿ ಮನೆಗೆ ಬಂದರೆ ಬೆಳಗಿಯೇ ಕೊಡಬೇಕು ಎನ್ನುತ್ತಿದ್ದರು ಅತ್ತೆ. ಕೈ ತಾನಾಗಿ ಹೋಯಿತು.

ಬೆಳ್ಳಗೆ ಹೊಳೆದವು. ಹಿಗ್ಗಿದೆ. ಆಮೇಲೆ ತಿಕ್ಕಿದ ಅರಿವೆ ನೋಡಿದೆ. ಬೂದಿಯ ನಡುವೆ ಹಳದಿ. ಮಿನುಗುವ ಹಳದಿ. ಬೆಳ್ಳಿಯ ಮೇಲೆ ಬಂಗಾರದ ಲೇಪ ಇತ್ತು. ಎಂಟುನೂರು ವರ್ಷ ಉಳಿದದ್ದನ್ನು ಹತ್ತು ನಿಮಿಷದಲ್ಲಿ ನಾನು...

ಶ್ರೀಶೈಲ್ ಆಫೀಸಿನಿಂದ ಬಂದರು. "ಯಾಕ, ಹಿಂಗ್ಯಾಕ ಕುಂತೀ?"

"ಏನಿಲ್ಲರಿ. ತಲಿ ನೋಯಾಕತ್ತೈತಿ."

ಅರಿವೆ ಒಗೆಯಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ.

ಆಗಸ್ಟ್ 6

ಚೀಲ ಕೊಟ್ಟೆ. ಬಾಯಿ ಬಿಗಿಯಾಗಿ ಕಟ್ಟಿದ್ದೆ. ಆಂಟಿ ಬಿಚ್ಚಲಿಲ್ಲ. ಮೂಗಿನ ಹತ್ತಿರ ಹಿಡಿದು ನನ್ನನ್ನೊಮ್ಮೆ ನೋಡಿ ಡ್ರಾಯರ್‌ನಲ್ಲಿಟ್ಟರು. ಹೇಳಬೇಕಿತ್ತು. ಹೇಳಲಿಲ್ಲ.

ಆಗಸ್ಟ್ 9. ಮಧ್ಯಾಹ್ನ 3

ಸೋಫಾದ ಮೇಲೆ ಕಣ್ಣು ಹತ್ತಿತ್ತು. ಮನೆಯ ಹಿಂದಿನ ಕೆರೆಯಲ್ಲಿ ಎರಡು ಬಾತುಕೋಳಿ ತೇಲುತ್ತಿದ್ದವು. ಹೋದ ದಾರಿಯುದ್ದಕ್ಕೂ ನೀರು ಹಳದಿಯಾಗುತ್ತಿತ್ತು, ಅವು ಬಿಳಿಚಿಕೊಳ್ಳುತ್ತಿದ್ದವು. ಬೊಗಸೆಯಲ್ಲಿ ಆ ನೀರು ತುಂಬಿಕೊಂಡೆ. ದಡದಲ್ಲಿ ಯಾರೋ ಅಜ್ಜಿ, ಕೈಚಾಚಿ ಕಾಯುತ್ತಿದ್ದಳು. ಎಷ್ಟು ನಡೆದರೂ ದಡ ಸಿಗಲಿಲ್ಲ.

"ಅಮ್ಮ, ಯು ವರ್ ಕ್ರೈಯಿಂಗ್," ಎಂದು ನಿಧಿ ಎಬ್ಬಿಸಿದಳು. ಎಷ್ಟು ಹೊತ್ತಿನಿಂದ ಪಕ್ಕದಲ್ಲಿ ಕೂತಿದ್ದಳೋ, ಮಗಳು.

ಆಗಸ್ಟ್ 13. ಹ್ಯೂಸ್ಟನ್ನಿನಿಂದ ಬಂದು

ನಾಲ್ಕು ಗಂಟೆ ನಾನೇ ಡ್ರೈವ್ ಮಾಡಿದೆ. ಬಿಸಿಲಿಗೆ ರಸ್ತೆ ನೀರಿನ ಹಾಗೆ ಕಾಣುತ್ತಿತ್ತು.

ಮ್ಯೂಸಿಯಂನ ಹೆಂಗಸು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಕೆಲಸ ಅಪರೂಪದ್ದು ಎಂದಳು. ಆಮೇಲೆ ಕೇಳಿದಳು — ಇತ್ತೀಚೆಗೆ ಯಾರಾದರೂ ತಿಕ್ಕಿದರೇ?

"ಐ ಕ್ಲೀನ್ಡ್," ಎಂದರು ಆಂಟಿ.

ಲೇಪ ಹೋಗಿದೆ, ತೆಗೆದುಕೊಳ್ಳಲಾಗುವುದಿಲ್ಲ. ಸಾರಿ ಎಂದಳು, ಎರಡು ಸಲ.

ಬರುವಾಗ ಅರ್ಧ ದಾರಿಯಲ್ಲಿ ಕಾರು ಬದಿಗೆ ನಿಲ್ಲಿಸಿ ಎಲ್ಲ ಹೇಳಿದೆ. ಆಂಟಿ ಕಿಟಕಿಯಾಚೆಯೇ ನೋಡುತ್ತಿದ್ದರು. "ಗೊತ್ತು. ಚೀಲಕ್ಕೆ ನಿನ್ನ ಸೋಮವಾರದ ವಾಸನೆ ಇತ್ತು." ವಿಭೂತಿ ಹಚ್ಚಿಕೊಂಡೇ ಅಲ್ಲವೇ ನಾನು ಸೋಮವಾರ ಅಂಗಡಿಗೆ ಹೋಗುವುದು. "ಬೇರೆಯವರ ಮುಂದೆ ನಿನ್ನ ಹೆಸರು ಯಾಕೆ ಹೇಳಲಿ? ಒಂದು ವಾರ ಕಾದೆ, ನೀನೇ ಹೇಳುತ್ತೀ ಅಂತ."

ಮನೆಯ ಮುಂದೆ ಇಳಿಸಿದಾಗ ಹೇಳಿದರು — "ನಾಳೆಯಿಂದ ಬರಬೇಡ."

ಸೆಪ್ಟೆಂಬರ್ 8. ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಲಿ.

ಇಂದು ಸಂಜೆ ಬೆಲ್. "ಕುಮುದಾ, ಯಾರ್ ಬಂದಾರ ನೋಡು," ಎಂದರು ಶ್ರೀಶೈಲ್. ಬಾಗಿಲಲ್ಲಿ ಯೂನ್ ಆಂಟಿ. ಇಂದು ಅವರ ಹಬ್ಬವಂತೆ. ತಟ್ಟೆಯಲ್ಲಿ ಅಕ್ಕಿಯ ಸಿಹಿ, ಥೇಟ್ ನಮ್ಮ ಕಡುಬು. ಕೂತರು, ನೀರು ಕುಡಿದರು. ಆಮೇಲೆ ಕೇಳಿದರು, ಯಾವ ಬಟ್ಟೆಯಲ್ಲಿ ತಿಕ್ಕಿದೆ?

ಡಬ್ಬಿ ತಂದೆ. ಅರಿವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆನ್ನೆಗೆ ಒತ್ತಿಕೊಂಡರು. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ.

"ಒಗೆಯಬೇಡ. ನಾಳೆ ಹತ್ತಕ್ಕೆ ಬಾ."

ಸೆಪ್ಟೆಂಬರ್ 27. ಅಂಗಡಿ, ಸಂಜೆ 6

ಮುಂದಿನ ಶನಿವಾರ ಆಸ್ಟಿನ್‌ನಲ್ಲಿ ಆಂಟಿಯ ಮಗಳ ಮದುವೆ. ಅವಳ ಕೆಂಪು ರೇಷ್ಮೆ ಮೇಲಂಗಿ ನನ್ನ ಮಡಿಲಲ್ಲಿದೆ. ಎದೆಯ ಮೇಲೆ ಬಾತುಕೋಳಿಗಳು, ನಾಲ್ಕು ತೂತಿಗೂ ದಾರ ಹಾಕಿದೆ. ಒಳಗಡೆ, ಸರಿಯಾಗಿ ಅವುಗಳ ಹಿಂದೆ, ಆ ಅರಿವೆಯ ತುಂಡು. ಅದರ ಮೇಲೆ ಆಂಟಿ ಚಾಕ್‌ನಲ್ಲಿ ಮೂರು ಅಕ್ಷರ ಬರೆದುಕೊಟ್ಟಿದ್ದಾರೆ. ಅಜ್ಜಿಯ ಹೆಸರು.

"ಮ್ಯೂಸಿಯಂನವರು ಬರೆಯಲಿಲ್ಲ. ನೀನು ಹೊಲಿ," ಎಂದರು.

ಓದಲು ಬಾರದ ಅಕ್ಷರ. ಆದರೂ ಗೆರೆ ತಪ್ಪಿಲ್ಲ. ಎರಡಾಯಿತು. ಮೂರನೆಯದರ ಅಡಿಯಲ್ಲೊಂದು ಸೊನ್ನೆ, ಬಾತುಕೋಳಿಯ ಕಣ್ಣಿನಷ್ಟು. ಬೆಳಕಿರುವಾಗಲೇ ಅದನ್ನೂ... ಆಂಟಿ ಕನ್ನಡಕ ಏರಿಸಿಕೊಂಡು ಪಕ್ಕಕ್ಕೆ ಬಂದು ಕೂತರು. ಸೂಜಿಗೆ ದಾರ ಅವರೇ ಪೋಣಿಸಿ ನನ್ನ ಕೈಗೆ ಕೊಟ್ಟರು.