ನನ್ನ ಮೆದುಳು ನನ್ನದೇ ಎಂಬುದಕ್ಕೆ ಸಾಕ್ಷಿ

ಔಷಧ ಮಂಜೂರಾತಿ ಅಧಿಕಾರಿಗಳಾದ ಮಾನ್ಯರೇ,

ನನ್ನ ತಲೆಯೊಳಗಿನ ಮೆದುಳು ನನ್ನದಲ್ಲವೆಂದು ತೀರ್ಮಾನಿಸಿ ತಮ್ಮ ಕಚೇರಿ ನನ್ನ ಔಷಧವನ್ನು ತಡೆಹಿಡಿದಿದೆ. ಹೋದ ವರ್ಷದ ಎಂಆರ್‌ಐ ಚಿತ್ರದಲ್ಲಿ ನಾಲ್ಕು ಬಿಳಿ ಚುಕ್ಕೆ, ಈ ವರ್ಷದ್ದರಲ್ಲಿ ಏಳು. "ಚಿತ್ರಗಳು ಪರಸ್ಪರ ತಾಳೆಯಾಗುತ್ತಿಲ್ಲ, ಅರ್ಜಿದಾರರು ಬೇರೊಬ್ಬರ ಮೆದುಳನ್ನು ಹಾಜರುಪಡಿಸಿರುವ ಶಂಕೆಯಿದೆ" ಎಂದು ಷರಾ ಬರೆದಿದ್ದೀರಿ. ಆಹಾ! ಬೇರೊಬ್ಬರ ಮೆದುಳು ಸಿಗುವ ಅಂಗಡಿ ಎಲ್ಲಿದೆ ಎಂದೂ ತಿಳಿಸಿದ್ದರೆ ಉಪಕಾರವಾಗುತ್ತಿತ್ತು. ಒಂದೆರಡನ್ನು ತಮ್ಮ ಕಚೇರಿಗೂ ತಂದುಕೊಡುತ್ತಿದ್ದೆ.

ಸ್ವಾಮಿ, ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಕೆಟ್ಟ ಜಾಗ ಸ್ಕ್ಯಾನಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟು ನೋಡುವುದೇ ಚುಕ್ಕೆ ಹೆಚ್ಚಿದೆಯೇ ಎಂದು ತಿಳಿಯಲು. ಹೆಚ್ಚಿದೆ, ಅದಕ್ಕೇ ವೈದ್ಯೆ ಬಲವಾದ ಔಷಧ ಬರೆದರು. ಹೆಚ್ಚಿದೆ, ಅದಕ್ಕೇ ತಾವು ಕೊಡುವುದಿಲ್ಲವೆಂದಿರಿ. ಎರಡೂ ಚಿತ್ರ ಒಂದೇ ತೆರನಾಗಿದ್ದರೆ ನಾನೇಕೆ ತಮ್ಮ ಬಾಗಿಲು ತಟ್ಟುತ್ತಿದ್ದೆ?

ಮೊನ್ನೆ ಅತ್ತೆಯವರ ಜೊತೆ ತಮ್ಮ ಕಚೇರಿಗೆ ಬಂದಿದ್ದೆ. ಕಿಟಕಿಯಾಚೆಯ ಗುಮಾಸ್ತ, "ಮೆದುಳನ್ನ ಕಣ್ಣಾರೆ ಕಂಡಿರೋ ಇಬ್ಬರು ನೆರೆಯವರ ಸಾಕ್ಷಿ ಬೇಕಮ್ಮ, ಫಾರಂನಲ್ಲೇ ಇದೆ" ಎಂದ.

ಅತ್ತೆ ಕಿಟಕಿಯೊಳಗೇ ಮುಖ ತೂರಿಸಿದರು. "ಇಪ್ಪತ್ತು ವರ್ಷದಿಂದ ನನ್ನ ತಲೆ ತಿಂತಿರೋದು ಇದೇ ಮೆದುಳು ಕಣಪ್ಪಾ! ಎಲ್ಲಿ ಸಹಿ ಹಾಕ್ಲಿ, ಹೇಳು!"

"ಸಂಬಂಧಿಕರದ್ದು ನಡೆಯಲ್ಲಮ್ಮ."

ಗೋಡೆಯ ಮೇಲೆ ತಮ್ಮ ಭಾವಚಿತ್ರವಿತ್ತು, ತಲೆತುಂಬ ಕಪ್ಪು ಕೂದಲು. ಅಷ್ಟರಲ್ಲಿ ತಾವೇ ಬಂದಿರಿ, ತಲೆಯ ಮೇಲೆ ಒಂದೆಳೆಯೂ ಇಲ್ಲ. ಆದರೂ ಕಾವಲುಗಾರ ಎದ್ದು ಸಲಾಮು ಹೊಡೆದು ಒಳಗೆ ಬಿಟ್ಟ. ತಾಳೆಯಾಗುತ್ತಿಲ್ಲವೆಂದು ಅವನೇನೂ ತಮ್ಮನ್ನು ತಡೆಯಲಿಲ್ಲ.

ನಾನು ದರ್ಜಿ. ಕೈಯಲ್ಲಿ ಗುಂಡಿಯ ಕಾಜಾ ಹೊಲಿಯುವುದರಲ್ಲಿ ನನಗೆ ಹೆಸರಿತ್ತು. ಈಗ ಬಲಗೈ ಬೆರಳುಗಳಿಗೆ ಸೂಜಿ ಹಿಡಿದದ್ದೇ ತಿಳಿಯುವುದಿಲ್ಲ. ಬಟ್ಟೆಗೆ ರಕ್ತ ಅಂಟಿದ ಮೇಲೆ ಚುಚ್ಚಿಕೊಂಡಿದ್ದೇನೆಂದು ಗೊತ್ತಾಗುತ್ತದೆ. ನನಗೆ ಭಯವಾಗುತ್ತಿದೆ ಸ್ವಾಮಿ. ತಾವೋ, ಮೊದಲಿನದಕ್ಕೆ ಹೊಂದುವ ಮೂರನೆಯ ಚಿತ್ರ ತನ್ನಿ ಎನ್ನುತ್ತೀರಿ. ಹೀಗೇ ಕಾಯಿಸಿದರೆ ಅದು ಎರಡನೆಯದಕ್ಕೂ ಹೊಂದುವುದಿಲ್ಲ. ಎಂಟನೆಯ ಚುಕ್ಕೆ ಬೀಳುವ ಮೊದಲು ಔಷಧ ಮಂಜೂರು ಮಾಡಿ. ಇಷ್ಟೇ ನನ್ನ ಬೇಡಿಕೆ.

ಇಂತಿ,
ತಮ್ಮ ಕಡತದ ಪ್ರಕಾರ ಬೇರೆ ಯಾರೋ,
ನನ್ನ ಪ್ರಕಾರ ಅದೇ ದರ್ಜಿ

(ಕೆಳಗಿನ ಸಹಿ ಹೋದ ವರ್ಷದ ಅರ್ಜಿಯ ಸಹಿಗೆ ತಾಳೆಯಾಗುವುದಿಲ್ಲ. ಇದೂ ನನ್ನದೇ. ಬೆರಳುಗಳಿಗೆ ಪೆನ್ನು ಹಿಡಿದದ್ದೂ ತಿಳಿಯುತ್ತಿಲ್ಲ.)